ಅತ್ತೆಯ ಎಡಗೈ ಗುರುತು ಮರೆತದ್ದು

ಬೆಳಗಿನ ಪೂಜೆಗೆ ಕೂತಿದ್ದ ನಮ್ಮತ್ತೆ ಮುಚ್ಚಿದ್ದ ಕಣ್ಣನ್ನು ತಟ್ಟನೆ ತೆರೆದು ತಮ್ಮ ಎಡ ಅಂಗೈ ನೋಡಿಕೊಂಡರು. ನಾನು ದೇವರ ಕೋಣೆಯ ಬಾಗಿಲಲ್ಲಿ ಬಿಲ್ವಪತ್ರೆ ತೊಳೆದ ನೀರು ಸೋರಿಸುತ್ತಾ ನಿಂತಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿರುವುದು ಮಗಳೇ ಅಂದುಕೊಂಡು ತೊಡೆಯ ಮೇಲೆ ಕೈಯಿಟ್ಟು, ತಿರುಗಿ ನೋಡಿದರೆ ಯಾರೋ ಗುರುತಿಲ್ಲದವರು ಕೂತಿರುತ್ತಾರಲ್ಲ, ಆಗ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವರ ಮುಖ.

"ಯಾರದಿದು?" ಅಂದರು.

"ಏನತ್ತೆ?"

"ಇದು. ನನ್ನ ಕೈಯಾಗಿರೋದು."

ಕೈಯಲ್ಲಿದ್ದದ್ದು ಅವರ ಲಿಂಗ. ನಮ್ಮ ಮನೆಯಲ್ಲಿ ಎಲ್ಲರೂ ಲಿಂಗ ಕಟ್ಟಿಕೊಂಡವರೇ. ಸ್ನಾನ ಮಾಡಿ, ಎಡ ಅಂಗೈಗೆ ವಿಭೂತಿ ಬಳಿದು, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಆ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ನಾಲ್ಕು ಹನಿ ನೀರು, ಒಂದು ಪತ್ರೆ, ಒಂದು ಹೂವು. ಆಮೇಲೆ ನೋಡುತ್ತಾ ಕೂರುವುದು. ನಾನೂ ಮಾಡುತ್ತೇನೆ, ಆದರೆ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಬೆಳೆದವಳಾದ್ದರಿಂದ ನನ್ನದು ಸ್ವಲ್ಪ ಗಡಿಬಿಡಿಯ ಪೂಜೆ. ಅತ್ತೆಯದು ಹಾಗಲ್ಲ. ಅವರು ನೋಡುವುದನ್ನೂ ಬಿಟ್ಟು ಎಷ್ಟೋ ಕಾಲವಾಗಿತ್ತು. ಕಣ್ಣು ಮುಚ್ಚಿ, ಅಂಗೈಯಲ್ಲೇ ಅದನ್ನು ಕಾಣುತ್ತಿದ್ದರು. ಈ ಪೂಜೆ ಆಗದೆ ಅವರು ಊಟದ ತಟ್ಟೆಯ ಮುಂದೆ ಕೂತದ್ದನ್ನು ನಾನು ನೋಡಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮನುಷ್ಯ ಹೋದಾಗ ಅದೂ ಅವನ ಎಡ ಅಂಗೈಯಲ್ಲೇ ಕೂತು ಮಣ್ಣಿಗೆ ಹೋಗುತ್ತದೆ.

"ನಿಮ್ಮದೇ ಅಲ್ವಾ ಅತ್ತೆ, ಈಗ ತಾನೇ ಕರಡಿಗೆಯಿಂದ ತೆಗೆದ್ರಿ."

"ತೆಗೆದಿದ್ದು ನಾನೇ," ಅಂದರು. ಮತ್ತೆ ಕಣ್ಣು ಮುಚ್ಚಿದರು. ಬೆರಳುಗಳು ಮೆಲ್ಲಗೆ ಅದರ ಸುತ್ತ ಮಡಚಿದವು, ಬಿಚ್ಚಿದವು. "ನಂದಲ್ಲ. ನಂದಲ್ಲ ಇದು. ಅಕ್ಕಂದು."

ನನ್ನ ಕೈಯ ಪತ್ರೆಯಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿದ್ದದ್ದು ಆಗ ಗೊತ್ತಾಯಿತು.

ಅಕ್ಕ ಅಂದರೆ ನಮ್ಮ ದೊಡ್ಡತ್ತೆ. ಸೊರಬದ ಕಡೆ, ಗುಡವಿಗೆ ಹತ್ತಿರದ ಹಳ್ಳಿಗೆ ಅವರನ್ನು ಕೊಟ್ಟಿತ್ತು. ಅತ್ತೆಯನ್ನು ಶಿಕಾರಿಪುರಕ್ಕೆ, ಗೊಬ್ಬರ ಮತ್ತು ಬೀಜದ ಅಂಗಡಿಯ ಈ ಮನೆಗೆ. ಅಕ್ಕತಂಗಿಯರಿಗೆ ಚಿಕ್ಕಂದಿನಲ್ಲಿ ಒಂದೇ ದಿನ, ಒಂದೇ ಮಠದ ಸ್ವಾಮಿಗಳು ಲಿಂಗ ಕಟ್ಟಿದ್ದರಂತೆ. ಅಳತೆ ಒಂದೇ, ಮೇಲಿನ ಕಪ್ಪು ಲೇಪ ಒಂದೇ ಕೈಯಲ್ಲಿ ಆದದ್ದು. ದೊಡ್ಡತ್ತೆ ತೀರಿಕೊಂಡು ಆಗ ಇನ್ನೂ ತಿಂಗಳು ತುಂಬಿರಲಿಲ್ಲ.

ಆವತ್ತು ನಾವು ಬೆಳಿಗ್ಗೆಯೇ ಹೋಗಿದ್ದೆವು. ದೊಡ್ಡತ್ತೆಯನ್ನು ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಲ್ಲಿ ಮಲಗಿಸುವುದಿಲ್ಲ, ಕೂತಂತೆಯೇ ಕಳಿಸುವುದು. ಬೆಳ್ಳಿಯ ಕರಡಿಗೆ ಮನೆಯವರಿಗೆ ಉಳಿಯುತ್ತದೆ, ಒಳಗಿನ ಲಿಂಗ ಮಾತ್ರ ಹೋದವರ ಜೊತೆ ಹೋಗುತ್ತದೆ. ಅದಕ್ಕೇ ಅವರ ಲಿಂಗವನ್ನು ತೆಗೆದು ಹಿತ್ತಾಳೆ ತಟ್ಟೆಯಲ್ಲಿ ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದರು. ತಟ್ಟೆ ಹಿಡಿದವಳು ನಾನು. ಅತ್ತೆ ಪೂಜೆಯಿಲ್ಲದೆ ಹೊರಟು ಬಂದಿದ್ದರು. ಅಲ್ಲೇ, ಅಕ್ಕನ ಪಕ್ಕದಲ್ಲೇ ಕೂತು ಪೂಜೆ ಮುಗಿಸಿದರು. ಮುಗಿಸಿ ಕಟ್ಟಿಕೊಳ್ಳುವಾಗ ಕರಡಿಗೆಯ ದಾರ ಹರಿದುಹೋಯಿತು. ಹೊಸ ದಾರ ಹೊಸೆಯುವಷ್ಟು ಹೊತ್ತು ತಮ್ಮ ಲಿಂಗವನ್ನೂ ನಾನು ಹಿಡಿದಿದ್ದ ಅದೇ ತಟ್ಟೆಯಲ್ಲಿ ಇಟ್ಟರು.

ಪಕ್ಕಪಕ್ಕದಲ್ಲಿ ಎರಡು ಕಪ್ಪು ಉಂಡೆಗಳು. ಆಮೇಲೆ ಒಂದನ್ನು ತೆಗೆದು ತಮ್ಮ ಕರಡಿಗೆಗೆ ಹಾಕಿಕೊಂಡರು. ಇನ್ನೊಂದನ್ನು ಅಕ್ಕನ ಎಡ ಅಂಗೈಯಲ್ಲಿಟ್ಟು, ತಮ್ಮ ಎಡಗೈಯಿಂದ ಅವರ ಸೆಟೆದ ಬೆರಳುಗಳನ್ನು ಒಂದೊಂದೇ ಅದುಮಿ ಮಡಚಿದರು. ಕಿರುಬೆರಳು ಮಾತ್ರ ಮತ್ತೆ ಮತ್ತೆ ಎದ್ದು ನಿಲ್ಲುತ್ತಿತ್ತು. "ಮಡಚೇ ಅಕ್ಕ, ಹಟ ಮಾಡಬ್ಯಾಡ," ಅಂತ ಅತ್ತೆ ಮೆಲ್ಲಗೆ ಗದರಿದರು. ಅಳುತ್ತಿದ್ದ ಹೆಂಗಸರೊಳಗೆ ಯಾರೋ ಅದಕ್ಕೆ ನಕ್ಕೂಬಿಟ್ಟರು.

ಅದರಲ್ಲಿ ಅದಲುಬದಲಾಗಿತ್ತೇ? ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಅತ್ತೆ ತಮ್ಮ ಕಡೆಯದನ್ನೇ ತೆಗೆದುಕೊಂಡರು ಅಂತ ನನ್ನ ನೆನಪು. ಆದರೆ ಎರಡು ಕಪ್ಪು ಉಂಡೆಗಳ ವಿಷಯದಲ್ಲಿ ನೆನಪನ್ನು ಎಷ್ಟು ನಂಬುವುದು?

ಆ ಬೆಳಗಿನ ನಂತರ ಅತ್ತೆ ಊಟ ಬಿಟ್ಟರು. ಹಾಲು ಕುಡಿಯುತ್ತಿದ್ದರು, ಬಾಳೆಹಣ್ಣು ತಿನ್ನುತ್ತಿದ್ದರು. ಅದೂ ನಾನು ಎದುರಿಗೆ ಕೂತು ಕಾಡಿದ್ದಕ್ಕೆ. ತಟ್ಟೆ ಇಟ್ಟರೆ ಸರಿಸುತ್ತಿದ್ದರು. "ಬ್ಯಾರೆಯವರ ಲಿಂಗ ಕೊರಳಾಗೆ ಹಾಕ್ಕೊಂಡು ಉಂಡ್ರೆ ಅದು ಪ್ರಸಾದ ಹೆಂಗಾಗ್ತದೆ ಹೇಳು?"

ಬೀದಿಯ ಕೊನೆಯ ಅಯ್ಯನವರನ್ನು ನನ್ನ ಗಂಡ ಕರೆದುಕೊಂಡು ಬಂದರು. ಅವರು ಲಿಂಗವನ್ನು ಮುಟ್ಟಲಿಲ್ಲ. ಅತ್ತೆಯ ಅಂಗೈಯಲ್ಲಿದ್ದಂತೆಯೇ ಬಗ್ಗಿ ನೋಡಿದರು.

"ನೋಡೋಕೆ ನಿಮ್ಮದೇ ಐತಲ್ಲವ್ವ."

"ನೋಡೋಕೆ ಎರಡೂ ಒಂದೇ ಅಯ್ನೋರೆ. ಕಣ್ಣಿಗೇನು ಗೊತ್ತಾಗ್ತದೆ, ಎರಡೂ ಕರಿ. ಕೈಗೆ ಗೊತ್ತಾಗ್ತದೆ."

"ಸಂಶಯ ಇಟ್ಕೋಬಾರದು."

"ನಾನು ಇಟ್ಕೊಂಡಿಲ್ಲ. ಅದಾಗೇ ಬಂದು ಕೂತೈತೆ."

ಅಯ್ಯನವರು ತೀರ್ಥ ಕೊಟ್ಟು, ಕಾಫಿ ಕುಡಿದು ಹೋದರು.

ಅತ್ತೆಯಲ್ಲಿ ಬೇರೆ ಏನೇನೋ ಬದಲಾಗಿದ್ದನ್ನೂ ನಾನು ಗಮನಿಸುತ್ತಿದ್ದೆ, ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಹಾಕುತ್ತಿದ್ದೆ. ರವಿಕೆಯ ಹುಕ್ಕು ಹಾಕಲು ನನ್ನನ್ನು ಕರೆಯತೊಡಗಿದ್ದರು. ಟಿವಿಯಲ್ಲಿ ಧಾರಾವಾಹಿ ನೋಡುತ್ತಾ ಬೆಳ್ಳುಳ್ಳಿ ಸುಲಿಯುವುದು ಅವರ ಸಂಜೆಯ ಕೆಲಸ. ಈಗ ಸುಲಿದ ಎಸಳನ್ನು ಎಡಗೈಯಲ್ಲಿ ಹಿಡಿದವರು ಹಿಡಿದೇ ಇರುತ್ತಿದ್ದರು. ಧಾರಾವಾಹಿ ಮುಗಿದ ಮೇಲೆ ಅಂಗೈ ನೋಡಿ, "ಅಯ್ಯ, ಇದು ಇಲ್ಲೇ ಐತೆ," ಅನ್ನುತ್ತಿದ್ದರು. ಸೀರೆಯ ನೆರಿಗೆ ಎಡಕ್ಕೆ ಜಾರಿದ್ದರೂ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಕೂಗು ಕೇಳಿಸಿತು. ಓಡಿದೆ. ಅತ್ತೆ ಅಕ್ಕಿ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಡಗೈಯನ್ನು ಎದೆಗೆ ಅವುಚಿಕೊಂಡಿದ್ದರು. ಬಲಗೈಯಲ್ಲಿ ಮೊರ ಇತ್ತು. ಮುಂಗೈಗೆಲ್ಲ ಅಕ್ಕಿಯ ಬಿಳಿ ಧೂಳು.

"ಒಳಗೆ ಯಾರದೋ ಬೆರಳದಾವೆ."

"ಏನಂತೀರಿ ಅತ್ತೆ?"

"ಬೆರಳು ಕಣೆ. ನನ್ನ ಕೈ ಹಿಡಕೊಂಡ್ವು."

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಡಬ್ಬಿಯ ಮೇಲೆ ಬಿದ್ದಿತ್ತು. ಹೊರಗೆ ಗ್ಯಾಸಿನ ಗಾಡಿಯವನು ಸಿಲಿಂಡರ್ ಉರುಳಿಸುವ ಸದ್ದು. ಇಂಥ ಬೆಳಕಿನಲ್ಲಿ ಹೆದರುವುದಕ್ಕೆ ಏನಿದೆ ಅಂದುಕೊಂಡೆ. ಡಬ್ಬಿಯೊಳಗೆ ಕೈ ಹಾಕಿದೆ. ಅಕ್ಕಿ ತಣ್ಣಗಿತ್ತು. ಮೊಣಕೈವರೆಗೆ ಇಳಿಸಿದೆ. ಏನೋ ತಾಗಿತು. ಗಂಟುಗಂಟಾದ, ಒರಟಾದ, ಬೆರಳಿನಷ್ಟೇ ದಪ್ಪದ ಒಂದು, ಅದರ ಪಕ್ಕದಲ್ಲಿ ಇನ್ನೊಂದು. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಕೈಗೂ ಅದು ಬೆರಳೇ ಆಗಿತ್ತು. ಆಮೇಲೆ ತಾನಾಗಿಯೇ ಅದು ಅರಿಶಿನದ ಕೊಂಬಾಯಿತು. ಹುಳ ಆಗಬಾರದೆಂದು ಅತ್ತೆಯೇ ಪ್ರತಿ ವರ್ಷ ಅಕ್ಕಿಯಲ್ಲಿ ಹಾಕುವ ಅರಿಶಿನದ ಕೊಂಬು.

ಹೊರಗೆ ತೆಗೆದು ತೋರಿಸಿದೆ. ನೋಡಿದ ಕೂಡಲೇ ಅವರಿಗೂ ಗೊತ್ತಾಯಿತು. "ಓ, ಅರಿಶಿನ," ಅಂದು ನಾಚಿಕೊಂಡು ನಕ್ಕರು. ಆದರೆ ಅದನ್ನು ಎಡಗೈಗೆ ತೆಗೆದುಕೊಳ್ಳಲಿಲ್ಲ.

ನನಗೆ ಮಾತ್ರ ಆ ಒಂದು ಗಳಿಗೆ ಬಿಡಲಿಲ್ಲ. ಬೆರಳಾಗಿದ್ದದ್ದು ಕೊಂಬಾದದ್ದು ಎಲ್ಲಿ? ಅಕ್ಕಿಯೊಳಗಂತೂ ಏನೂ ಬದಲಾಗಿರಲಿಲ್ಲ.

ಅಷ್ಟರಲ್ಲಿ ಸೊರಬದಿಂದ ಫೋನು ಬಂತು. ದೊಡ್ಡತ್ತೆಯ ಮಗ, ನಮ್ಮ ಭಾವ, ತಾಯಿಯನ್ನು ಇಟ್ಟ ಜಾಗದಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಲು ಹೊರಟಿದ್ದರು. ಕೆಲಸದವರು ಸೋಮವಾರ ಬರುತ್ತಾರೆ ಅಂದರು. ಸ್ಪೀಕರಿನಲ್ಲಿ ಇಟ್ಟಿದ್ದ ಫೋನಿಗೆ ಅತ್ತೆ ಬಗ್ಗಿ ಹೇಳಿದರು: "ಕಟ್ಟಬ್ಯಾಡ. ನಾನು ಬರ್ತೀನಿ. ಮುಚ್ಚೋಕೆ ಮುಂಚೆ ಒಂದ್ಸಲ ತೆಗೆಸಬೇಕು."

ಫೋನು ಕಟ್ಟಾಯಿತೇನೋ ಅಂತ ನನ್ನ ಗಂಡ ಎತ್ತಿ ನೋಡಿದರು. ಕಟ್ಟಾಗಿರಲಿಲ್ಲ.

ಭಾನುವಾರ ಹೋದೆವು. ಮಳೆಗಾಲ ಹಿಂದೆ ಸರಿದು ಬಿಸಿಲು ಚೆನ್ನಾಗಿ ಬಿದ್ದಿತ್ತು. ಗುಡವಿಯ ಕೆರೆಯ ಕಡೆಯಿಂದ ಬೆಳ್ಳಕ್ಕಿಗಳು ಗದ್ದೆಗೆ ಬಂದು ಇಳಿದಿದ್ದವು. ದೊಡ್ಡತ್ತೆಯನ್ನು ಇಟ್ಟದ್ದು ಅವರದೇ ಹೊಲದ ಏರಿನಲ್ಲಿ. ಮಣ್ಣಿನ ದಿಬ್ಬ ಸ್ವಲ್ಪ ಕುಸಿದು ನಡುವೆ ಬಟ್ಟಲಿನಂತಾಗಿತ್ತು. ಪಕ್ಕದಲ್ಲಿ ಕೆತ್ತಿದ ಕಲ್ಲುಗಳು ಆಗಲೇ ಬಂದು ಬಿದ್ದಿದ್ದವು.

ಅತ್ತೆ ಚಪ್ಪಲಿ ಬಿಟ್ಟು ಹೋಗಿ ದಿಬ್ಬದ ಪಕ್ಕ ಕೂತರು. ಎಡ ಅಂಗೈಯನ್ನು ಆ ಬಟ್ಟಲಿನಂಥ ತಗ್ಗಿನಲ್ಲಿ ಊರಿ, ಕಣ್ಣು ಮುಚ್ಚಿ, ಯಾರೋ ಒಳಗಿನಿಂದ ಮಾತಾಡುವುದನ್ನು ಕೇಳುವವರಂತೆ ತಲೆ ವಾಲಿಸಿದರು. ನೆಲದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ಬೆರಳುಗಳು ಮಣ್ಣನ್ನು ಹಿಡಿದು, ಬಿಟ್ಟು, ಹಿಡಿದು, ಏನನ್ನೋ ಹುಡುಕುತ್ತಿದ್ದವು. ಮುಖ ಮಾತ್ರ ಶಾಂತವಾಗಿತ್ತು. ಕೈ ಏನು ಮಾಡುತ್ತಿದೆ ಅಂತ ಮುಖಕ್ಕೆ ಗೊತ್ತಿದ್ದಂತೆ ಕಾಣಲಿಲ್ಲ. ನಾನು ಬೆಳ್ಳಕ್ಕಿಗಳ ಕಡೆ ತಿರುಗಿಕೊಂಡೆ.

"ನಂದು ಇಲ್ಲೈತೆ," ಅಂದರು.

ಭಾವ ಕಲ್ಲಿನ ಮೇಲೆ ಕೂತಿದ್ದವರು ಎದ್ದರು. ಒಳ್ಳೆಯ ಮನುಷ್ಯ, ಯಾರಿಗೂ ದನಿ ಎತ್ತಿ ಮಾತಾಡಿದವರಲ್ಲ. "ಚಿಕ್ಕವ್ವಾ, ನೀ ಏನು ಕೇಳ್ತಿದೀಯ ಗೊತ್ತೈತಾ? ಅವ್ವನ್ನ ಹೊರಗೆ ತೆಗೆಸು ಅಂತಿದೀಯ."

"ಅವಳನ್ನ ಯಾಕೆ ತೆಗೀತೀಯಪ್ಪ? ಕೈ ಮಟ್ಟಿಗೆ ಅಗೆದ್ರೆ ಸಾಕು."

"ಕೈ ಮಟ್ಟಿಗೆ!" ಭಾವ ತಲೆಯ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡರು. "ಊರವರು ಏನಂತಾರೆ? ಹೋಗ್ಲಿ, ಊರವರು ಬ್ಯಾಡ. ನಾನು ಹೆಂಗೆ ನೋಡ್ಲಿ ಹೇಳು?"

"ನನ್ನ ಲಿಂಗ ಅವಳ ಹತ್ರ ಇದ್ರೆ ನಾಳೆ ನನ್ನ ಕೈಯಾಗೆ ಏನಿಟ್ಟು ಕಳಿಸ್ತೀರಿ? ನಾನು ಯಾರದು ಹಿಡ್ಕೊಂಡು ಹೋಗ್ಲಿ?"

ನನ್ನ ಗಂಡ, "ಅವ್ವ, ಹಟ ಸಾಕು, ಏಳು," ಅಂದರು. ಅತ್ತೆ ಏಳಲಿಲ್ಲ. ಕೊನೆಗೆ ಭಾವನೇ ಸೋತು, "ಕಲ್ಲಿನವರನ್ನ ಒಂದು ವಾರ ತಡೀತೀನಿ. ಅಷ್ಟೇ ನನ್ ಕೈಲಿ ಆಗೋದು. ನೀನು ಉಣ್ಣದೆ ಇನ್ನೊಂದು ಗುಂಡಿ ತೋಡಿಸಬ್ಯಾಡ ನನ್ ಹತ್ರ," ಅಂದು ಮನೆ ಕಡೆ ನಡೆದರು. ನಾವು ಊಟಕ್ಕೆ ಹೋಗಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ನನ್ನ ಮದುವೆಯಾದ ಮೇಲೆ ಆ ಮನೆಯಿಂದ ಹಸಿದು ಬಂದದ್ದು ಅದೊಂದೇ ಸಲ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಅತ್ತೆಯೂ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವರ ಬಲಗೈ ಮೇಲಿನ ಹಿಡಿಕೆ ಹಿಡಿದಿತ್ತು, ಎಡಗೈಯನ್ನು ಚೀಲಕ್ಕೆ ಇಳಿಸಿ ಕನ್ನಡಕ ಹುಡುಕತೊಡಗಿದರು. ಮೊದಲು ವಿಭೂತಿ ಉಂಡೆ ಹೊರಗೆ ಬಂತು. ಅದನ್ನು ನೋಡಿ ವಾಪಸು ಹಾಕಿದರು. ಆಮೇಲೆ ಮಾತ್ರೆಯ ಹಾಳೆ. ಆಮೇಲೆ ಬೀಗದ ಕೈ. ಆಮೇಲೆ ಮತ್ತೆ ಅದೇ ವಿಭೂತಿ ಉಂಡೆ. ಪ್ರತಿಯೊಂದನ್ನೂ ಕಣ್ಣೆದುರಿಗೆ ಹಿಡಿದು ನೋಡಿದ ಮೇಲೆಯೇ ಅದೇನೆಂದು ಅವರಿಗೆ ತಿಳಿಯುತ್ತಿತ್ತು. ವಿಭೂತಿ ಉಂಡೆಯನ್ನು ಕನ್ನಡಕ ಅಂತ ಯಾವ ಕೈ ತಾನೇ ಎತ್ತುತ್ತದೆ?

ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್ಮಸ್ ರಜೆಗೆ ಮುಂಚೆ ಸಿಸ್ಟರ್ ಒಬ್ಬರು ಒಂದು ಆಟ ಆಡಿಸುತ್ತಿದ್ದರು. ಕಪ್ಪು ಬಟ್ಟೆಯ ಚೀಲದೊಳಗೆ ಚಮಚ, ಸೀಸದಕಡ್ಡಿ, ಬಾಚಣಿಗೆ, ಗುಂಡಿ ಎಲ್ಲ ಹಾಕಿ, ನೋಡದೆ ಕೈಹಾಕಿ ಹೆಸರು ಹೇಳಬೇಕು. ಎಲ್ಲರೂ ಹೇಳುತ್ತಿದ್ದೆವು. ಅಷ್ಟು ಸುಲಭದ ಆಟವನ್ನು ಯಾಕೆ ಆಡಿಸುತ್ತಾರೆ ಅಂತ ನನಗೆ ಆಗ ಅನಿಸುತ್ತಿತ್ತು. ಕಣ್ಣಿಗೆ ಮಾತ್ರ ಗೊತ್ತಿದ್ದ ಬಾಚಣಿಗೆ ಕತ್ತಲಲ್ಲಿ ಕೈಗೂ ಹೇಗೆ ಗೊತ್ತಾಗುತ್ತದೆ, ನೋಡಿ ಮಕ್ಕಳೇ, ಅಂತ ಅವರು ಆಶ್ಚರ್ಯಪಡುತ್ತಿದ್ದರು. ನಮಗೆ ಅದರಲ್ಲಿ ಆಶ್ಚರ್ಯ ಏನೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಪೂಜೆಗೆ ಕೂರುವ ಮೊದಲೇ ಹೋಗಿ ಅವರ ಪಕ್ಕ ಕೂತೆ. "ಅತ್ತೆ, ಕಣ್ಣು ಮುಚ್ಚಿ. ಎಡಗೈ ಕೊಡಿ."

"ಯಾಕೆ, ಬಳೆ ತೊಡಿಸ್ತೀಯೇನು?"

"ಕೊಡಿ ಅತ್ತೆ. ಒಂದು ಆಟ."

"ನಿನ್ನ ಕಾನ್ವೆಂಟ್ ಆಟ. ಸರಿ, ಮೊಮ್ಮಗಳಾಗಿಬಿಟ್ಟೆ ನೀನು," ಅಂದು ಕಣ್ಣು ಮುಚ್ಚಿದರು.

ಒಂದು ಚಮಚ ಇಟ್ಟೆ. ಬೆರಳುಗಳು ಅದರ ಮೇಲೆ ಓಡಾಡಿದವು. "ತಣ್ಣಗೈತೆ. ಉದ್ದ ಐತೆ. ಒಂದು ಕಡೆ ಅಗಲ." ನಿಲ್ಲಿಸಿದರು. "ಗೊತ್ತಿಲ್ಲ."

ಬೀಗದ ಕೈ. "ತಣ್ಣಗೈತೆ. ಹಲ್ಲದಾವೆ." ಹಲ್ಲಿದೆ ಅಂದವರಿಗೆ ಬೀಗದ ಕೈ ಅನ್ನುವುದು ಬರಲಿಲ್ಲ. ಅಡಿಕೆಯನ್ನು ಇಟ್ಟೆ. ಹುಟ್ಟಿದಾಗಿನಿಂದ ಕೈಯಲ್ಲಿ ಆಡಿಸಿದ ಅಡಿಕೆ. "ಗುಂಡಗೈತೆ. ಒರಟು." ಅಷ್ಟೇ. ಒಂದೊಂದು ಸಂಗತಿಯೂ ಸರಿ, ತಣ್ಣಗೆ ಸರಿ, ಒರಟು ಸರಿ, ಎಲ್ಲ ಸೇರಿ ಯಾವುದೂ ಆಗುತ್ತಿರಲಿಲ್ಲ. ಅವನ್ನೇ ಒಂದೊಂದಾಗಿ ಬಲಗೈಗೆ ಇಟ್ಟೆ. "ಅಡಿಕೆ. ಚಮಚ. ಬೀರುವಿನ ಕೀಲಿ, ಇದ್ಯಾಕೆ ಇಲ್ಲಿ ತಂದೀಯ?" ಮುಟ್ಟುವ ಮೊದಲೇ ಅನ್ನುವ ಹಾಗೆ ಪಟಪಟ ಹೇಳಿದರು.

ಕಣ್ಣು ಬಿಟ್ಟರು. ನಾನೇನೂ ಹೇಳದಿದ್ದರೂ ಅವರಿಗೆ ಏನೋ ಹೊಳೆದಿತ್ತು. ತಮ್ಮ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡರು.

"ನಿಮ್ಮ ಲಿಂಗ ನಿಮ್ಮದೇ ಅಂತ ಕೈಗೆ ಹೆಂಗೆ ಗೊತ್ತಾಗ್ತಿತ್ತು ಅತ್ತೆ? ಏನಾದ್ರೂ ಗುರುತಿತ್ತಾ?"

ಹೇಳಲೋ ಬೇಡವೋ ಅಂತ ತಡೆದು, ಆಮೇಲೆ ಹೇಳಿದರು. ಅಡಿಯಲ್ಲಿ ಅಂಚಿನ ಹತ್ತಿರ ಒಂದು ಸಣ್ಣ ತಗ್ಗಿತ್ತು, ಎಳ್ಳು ಕೂರುವಷ್ಟು. ಕಪ್ಪಿನ ಮೇಲೆ ಕಪ್ಪಾದ್ದರಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ಯಾರಿಗೂ ಅದನ್ನು ಹೇಳಿರಲಿಲ್ಲ. ಅಕ್ಕನದಕ್ಕೆ ಅದು ಇರಲಿಲ್ಲವಂತೆ. ಚಿಕ್ಕಂದಿನಲ್ಲಿ ಇಬ್ಬರೂ ಕದ್ದು ಅದಲುಬದಲು ಮಾಡಿ ನೋಡಿ, ತಾಯಿಯಿಂದ ಪೆಟ್ಟು ತಿಂದಿದ್ದರಂತೆ.

"ಬಲಗೈ ಹೆಬ್ಬೆರಳಲ್ಲಿ ನೋಡಿ ಅತ್ತೆ."

"ಬಲಗೈಲಿ ಹಂಗೆಲ್ಲ ಮುಟ್ಟಲ್ಲ. ಬಲಗೈ ಎತ್ತಿ ಇಡೋಕಷ್ಟೇ."

"ಒಂದು ಸಲ."

ಕರಡಿಗೆ ಬಿಚ್ಚಿದರು. ಬಲಗೈಯ ಮೂರು ಬೆರಳಲ್ಲಿ ಎಂದಿನಂತೆ ಮೇಲಿನಿಂದ ಎತ್ತಿಕೊಂಡು, ಮೆಲ್ಲಗೆ ಮಗುಚಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅಡಿಗೆ ತಂದರು. ಬೆರಳು ಅಂಚಿನ ಮೇಲೆ ಸರಿಯಿತು. ನಿಂತಿತು.

"ಐತೆ," ಅಂದರು. "ನಂದೇ."

ಹಾಗೇ, ಕಣ್ಣು ಬಿಡದೆ, ಅದನ್ನು ಎಡ ಅಂಗೈಗೆ ಇಟ್ಟುಕೊಂಡರು. ಎಡಗೈಯ ಬೆರಳುಗಳು ಮಡಚಿದವು. ಅವರ ಮುಖದಲ್ಲಿದ್ದ ಸಂತೋಷ, ದೀಪದ ಬತ್ತಿಯನ್ನು ಎಣ್ಣೆಯೊಳಗೆ ಎಳೆದ ಹಾಗೆ, ನನ್ನ ಕಣ್ಣೆದುರಿಗೇ ಆರಿತು.

"ಹೋಯ್ತು," ಅಂದರು. "ಈಗಿಲ್ಲ. ಅಕ್ಕಂದಾಯ್ತು."

ಮತ್ತೆ ಬಲಗೈಗೆ. "ನಂದು." ಎಡಗೈಗೆ. "ಅಲ್ಲ." ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಒಂದು ಗೇಣು ದಾರಿಯಲ್ಲಿ ಅದು ಬದಲಾಗುತ್ತಿತ್ತು. ದೇವರ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ನೇರವಾಗಿ ಏಳುತ್ತಿತ್ತು. ನಾನು ಅವರ ಮಣಿಕಟ್ಟು ಹಿಡಿದು ನಿಲ್ಲಿಸಬೇಕಾಯಿತು. ಇಲ್ಲದಿದ್ದರೆ ಅವರು ನಿಲ್ಲಿಸುತ್ತಿರಲಿಲ್ಲ.

"ಏ ಹುಡುಗಿ," ಅಂದರು ನನ್ನನ್ನು. ನನಗೆ ನಲವತ್ತು ದಾಟಿದೆ. "ಇವೆರಡರಾಗೆ ಯಾವ ಕೈ ನಂದು?"

ಅವತ್ತೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ನನ್ನ ಗಂಡ ದಾರಿಯುದ್ದಕ್ಕೂ, "ಗಾಬರಿಯಾಗಬೇಡ, ಕೈ ಮರಗಟ್ಟಿರುತ್ತೆ ಅಷ್ಟೇ," ಅಂತ ನನಗೆ ಸಮಾಧಾನ ಹೇಳುತ್ತಿದ್ದರು. ನಾನು ಗಾಬರಿಯಾಗಿರಲಿಲ್ಲ. ಸಮಾಧಾನ ಅವರಿಗೇ ಬೇಕಾಗಿತ್ತು.

ನರಗಳ ಡಾಕ್ಟರು ಚಿಕ್ಕ ವಯಸ್ಸಿನವರು, ಅತ್ತೆಯನ್ನು "ಅಮ್ಮಾ" ಅಂತ ಕರೆದು ಮೊದಲು ಕೈಗೆ ಸೂಜಿ ಮುಟ್ಟಿಸಿದರು. ನೋವು ಗೊತ್ತಾಯಿತು. ಬೆರಳು ಅದುಮಿಸಿ ನೋಡಿದರು. ಶಕ್ತಿಯೂ ಇತ್ತು. ಆಮೇಲೆ, ನಾನು ಮಾಡಿದ ಆಟವನ್ನೇ ಅವರೂ ಆಡಿದರು, ಪೆನ್ನಿನ ಮುಚ್ಚಳ ಮತ್ತು ಒಂದು ರೂಪಾಯಿಯಿಂದ. ಸ್ಕ್ಯಾನಿನ ಚಿತ್ರ ಬಂದ ಮೇಲೆ ಮೆದುಳಿನ ಬಲಭಾಗದ ಒಂದು ಸಣ್ಣ ಕಲೆಯನ್ನು ಪೆನ್ಸಿಲಿನಿಂದ ತೋರಿಸಿದರು. ಸದ್ದಿಲ್ಲದೆ ಬಂದುಹೋದ ಸಣ್ಣ ಪಾರ್ಶ್ವವಾಯು. ಹೆಚ್ಚೆಂದರೆ ಕೆಲವು ವಾರದ ಹಿಂದೆ. ಮತ್ತೆ ದೊಡ್ಡದು ಬರದ ಹಾಗೆ ನೋಡಿಕೊಳ್ಳಬೇಕು, ಮೊದಲೇ ಬರಬೇಕಿತ್ತು ಅಂತ ಸ್ವಲ್ಪ ಬೈದರು.

"ಕೈ ಸುಳ್ಳು ಹೇಳ್ತಿಲ್ಲ ಅಮ್ಮಾ," ಅಂದರು ಅತ್ತೆಗೆ. "ತಣ್ಣಗೆ, ಒರಟು, ಗುಂಡಗೆ, ಎಲ್ಲಾನೂ ಸರಿಯಾಗಿ ಕಳಿಸ್ತಿದೆ. ಅದನ್ನೆಲ್ಲ ಕೂಡಿಸಿ ಇದು ಅಡಿಕೆ ಅಂತ ಮಾಡೋ ಜಾಗ ತಲೆಯಲ್ಲಿದೆ. ಕಣ್ಣು ನೋಡಿದ ಅಡಿಕೆ, ಕೈ ಮುಟ್ಟಿದ ಅಡಿಕೆ, ಎರಡೂ ಒಂದೇ ಅನ್ನೋದು ಅಲ್ಲಿ ಗೊತ್ತಾಗೋದು. ಎಡಗೈಯಿಂದ ಅಲ್ಲಿಗೆ ಹೋಗೋ ದಾರಿ ಹಾಳಾಗಿದೆ. ಬಲಗೈಯ ದಾರಿ ಚೆನ್ನಾಗಿದೆ."

"ಹಂಗಾದ್ರೆ ಬಲಗೈ ಹೇಳಿದ್ದು ಖರೆ?"

"ಖರೆ."

"ಗುಂಡಿಯಾಗಿರೋದು ಅಕ್ಕಂದೇ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. "ಹೌದಮ್ಮಾ," ಅಂದರು ಅವರು, ಏನೆಂದು ಗೊತ್ತಿಲ್ಲದೆಯೇ.

"ಈ ಕೈ ವಾಪಸ್ ಬರ್ತದಾ?"

"ಬರಬಹುದು. ದಿನಾ ನೋಡ್ತಾ ಮುಟ್ಟಿ, ಕಣ್ಣಿಂದ ಕೈಗೆ ಪಾಠ ಹೇಳಿಸಿ. ಬರದೆಯೂ ಇರಬಹುದು."

ರಕ್ತ ತೆಳುಮಾಡುವ ಮಾತ್ರೆ ಊಟದ ಮೇಲೆಯೇ ತೆಗೆದುಕೊಳ್ಳಬೇಕು ಅಂತ ಡಾಕ್ಟರು ಒತ್ತಿ ಹೇಳಿದ್ದರು. ನನಗೆ ಅದೇ ಚಿಂತೆ. ಊಟ ಮಾಡುತ್ತಾರೋ ಇಲ್ಲವೋ?

ಮಾರನೆಯ ಬೆಳಿಗ್ಗೆ ಅವರು ಕಣ್ಣು ಮುಚ್ಚಲಿಲ್ಲ. ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟು, ರೆಪ್ಪೆ ಹೊಡೆಯದೆ, ಎಳೆ ಮಗುವನ್ನು ಬೇರೆಯವರ ತೊಡೆಯ ಮೇಲೆ ಬಿಟ್ಟ ತಾಯಿ ನೋಡುತ್ತಾಳಲ್ಲ, ಹಾಗೆ ನೋಡುತ್ತಾ ಕೂತರು. ಪೂಜೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದು ಫೋನು ಕೇಳಿದರು. ಸೊರಬಕ್ಕೆ ಹಚ್ಚಿಕೊಟ್ಟೆ.

"ಕಟ್ಟೆ ಕಟ್ಟಿಸಪ್ಪ," ಅಂದರು ಭಾವನಿಗೆ. "ಗಟ್ಟಿಯಾಗಿ ಕಟ್ಟಿಸು. ನನ್ನ ಲಿಂಗ ನನ್ನ ಹತ್ರಾನೇ ಐತೆ."

ಆ ಕಡೆಯಿಂದ ಭಾವ ದೊಡ್ಡ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. "ಡಾಕ್ಟ್ರು ಹೇಳಿದ್ರಂತಲ್ಲ ಚಿಕ್ಕವ್ವ, ತಲೆಯಾಗೆ ಏನೋ ಆಗೈತಂತೆ."

"ಅವರು ಹಂಗಂತಾರೆ. ನಂಗೆ ಗೊತ್ತಾತು ಬಿಡು ಏನಾಗೈತಂತ. ಅವತ್ತು ಅವಳ ಬೆರಳು ಮಡಚಿದ್ನಲ್ಲ, ಈ ಕೈಲೇ ಮಡಚಿದ್ದು. ಲಿಂಗ ಬದಲಾಗಿಲ್ಲಪ್ಪ. ಕೈ ಬದಲಾಗೈತೆ. ನಂದು ಅವಳ ಹತ್ರ ಉಳೀತು, ಅವಳದು ನನ್ನ ಹತ್ರ ಬಂತು."

"ಚಿಕ್ಕವ್ವಾ..."

"ಇರ್ಲಿ ಬಿಡು. ಲಿಂಗಾದ್ರೆ ವಾಪಸ್ ಕೇಳಬೇಕಿತ್ತು. ಕೈ ತಾನೇ. ಅಕ್ಕಂಗೆ ಅಷ್ಟೂ ಕೊಡಬಾರದಾ?"

ಫೋನು ನನ್ನ ಕೈಗಿತ್ತು, "ರೊಟ್ಟಿ ಬಡೀತೀಯೋ, ಇನ್ನೂ ನಿಂತ್ಕೊಂಡು ನೋಡ್ತೀಯೋ?" ಅಂದರು.

ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ ಮಾಡಿದೆ. ನನ್ನ ಗಂಡ ಅಂಗಡಿಗೆ ಹೋಗದೆ ಬಾಗಿಲಲ್ಲೇ ಸುಳಿದಾಡುತ್ತಿದ್ದವರು, ತಾಯಿ ಮೊದಲ ತುತ್ತು ಬಾಯಿಗೆ ಇಟ್ಟದ್ದನ್ನು ನೋಡಿದ ಮೇಲೆ ಬೈಕು ಹತ್ತಿದರು. ಅತ್ತೆ ಬಲಗೈಯಲ್ಲಿ ಮುರಿದು ಮುರಿದು ಉಂಡರು. ಎಡಗೈ ಅವರ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಅವರು ಅದರ ಕಡೆ ನೋಡುತ್ತಿರಲಿಲ್ಲ. ಅದರ ಬೆರಳುಗಳು ಮಾತ್ರ ಮೆಲ್ಲಗೆ ಮಡಚುತ್ತಿದ್ದವು, ಬಿಚ್ಚುತ್ತಿದ್ದವು.

ಇನ್ನೊಂದು ರೊಟ್ಟಿ ಹಾಕಲು ಪಕ್ಕ ಕೂತು, ಮಡಿಲಿಗೆ ಬಿದ್ದ ಚೂರನ್ನು ತೆಗೆಯಹೋದೆ. ಆ ಕೈ ನನ್ನ ಬೆರಳುಗಳನ್ನು ಹಿಡಿದುಕೊಂಡಿತು. ಬಿಸಿಯಾಗಿತ್ತು, ಬಿಗಿಯಾಗಿತ್ತು. ಎಳೆದುಕೊಳ್ಳಬೇಕು ಅನಿಸಿತು, ಎಳೆದುಕೊಳ್ಳಲಿಲ್ಲ.

ಅತ್ತೆ ತಟ್ಟೆಯಿಂದ ತಲೆ ಎತ್ತದೆ, ಅಗಿಯುತ್ತಲೇ ಕೇಳಿದರು: "ಏನಿದು, ಏನು ಹಿಡ್ಕೊಂಡೈತೆ ಅದು?"

"ನನ್ನ ಕೈ ಅತ್ತೆ."

"ಹಂಗಾದ್ರೆ ಹಿಡ್ಕೊಂಡಿರ್ಲಿ," ಅಂದು, ಪಲ್ಯ ಇನ್ನೊಂದಿಷ್ಟು ಹಾಕು ಅಂತ ಬಲಗೈಯಿಂದ ಸನ್ನೆ ಮಾಡಿದರು.